ಹಸಿರು ಡೇರೆಯನ್ನು ಯಾರೂ ಬರೆಯಲಿಲ್ಲ

1799ರ ಮಾರ್ಚ್ 5. ಕೊಡಗಿನ ಗಡಿಯ ಸಿದ್ದೇಶ್ವರ ಬೆಟ್ಟದ ನೆತ್ತಿ ಹತ್ತಿ ಪೂರ್ವಕ್ಕೆ ಕಣ್ಣು ಹಾಯಿಸಿದ ಇಂಗ್ಲಿಷ್ ಕಂಪನಿಯ ಬೊಂಬಾಯಿ ಸೇನೆಯ ಅಧಿಕಾರಿಗಳಿಗೆ ಪಿರಿಯಾಪಟ್ಟಣದ ದಿಕ್ಕಿನಲ್ಲಿ ಡೇರೆಗಳು ಏಳುತ್ತಿರುವುದು ಕಂಡಿತು. ಅವುಗಳ ನಡುವೆ ಒಂದು ಹಸಿರು ಡೇರೆ. ಸುಲ್ತಾನನೇ ಬಂದಿರಬಹುದೇ? ಆದರೆ ಮದರಾಸಿನ ಕಡೆಯಿಂದ ಜನರಲ್ ಹ್ಯಾರಿಸ್ ದೊಡ್ಡ ಸೈನ್ಯ ಕಟ್ಟಿಕೊಂಡು ಬರುತ್ತಿರುವಾಗ ಟಿಪ್ಪು ಅವನನ್ನು ಬಿಟ್ಟು ಇಷ್ಟು ದೂರ ಪಡುವಣಕ್ಕೆ ಏಕೆ ಬರುತ್ತಾನೆ? ಮರುದಿನ ಬೆಳಗ್ಗೆ ಅನುಮಾನ ತೀರಿತು. ಕಾಡಿನ ಮರೆಯಲ್ಲಿ ಬಂದ ಮೈಸೂರು ಸೈನ್ಯ ಕರ್ನಲ್ ಮಾಂಟ್ರೆಸರನ ಮೂರು ಸಿಪಾಯಿ ಪಟಾಲಮ್ಮುಗಳನ್ನು ಹಿಂದೆ ಮುಂದೆ ಎರಡೂ ಕಡೆಯಿಂದ ಮುತ್ತಿಕೊಂಡಿತು. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಜನರಲ್ ಸ್ಟುವರ್ಟ್ ಹಿಂದಿನಿಂದ ಗೋರಾ ಪಡೆಯೊಂದಿಗೆ ಓಡೋಡಿ ಬಂದಾಗ ಮಾಂಟ್ರೆಸರನ ಸಿಪಾಯಿಗಳ ಬಳಿ ಮದ್ದುಗುಂಡು ಮುಗಿಯುತ್ತ ಬಂದಿತ್ತು. ಮೈಸೂರಿನವರು ಹಿಂದಕ್ಕೆ ಸರಿದರು. ಅವರ ಕಡೆಯ ಹೆಸರಾಂತ ಸರದಾರ, ಬೆಂಕಿ ನವಾಬನೆಂದೇ ಕರೆಸಿಕೊಳ್ಳುತ್ತಿದ್ದ ಮೊಹಮ್ಮದ್ ರಜಾ, ಆ ಕಾಡಿನಲ್ಲೇ ಬಿದ್ದ. ಕೆಲವು ದಿನ ಪಿರಿಯಾಪಟ್ಟಣದಲ್ಲಿ ತಂಗಿದ್ದ ಟಿಪ್ಪು, ಹ್ಯಾರಿಸನನ್ನು ಎದುರಿಸಲು ಮತ್ತೆ ಪೂರ್ವಕ್ಕೆ ತಿರುಗಿದ. ಎರಡು ತಿಂಗಳಾಗುವುದರೊಳಗೆ ಶ್ರೀರಂಗಪಟ್ಟಣ ಬಿತ್ತು.

ಇವತ್ತು ಹಾರನಹಳ್ಳಿ ಕಡೆಯಿಂದ ಆ ದಿಕ್ಕಿಗೆ ಹೊರಟರೆ ಸಿಗುವುದು ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸುವ ಬ್ಯಾರನ್ನು, ಶುಂಠಿ, ಮುಸುಕಿನ ಜೋಳ. ಅಲ್ಲೊಂದು ಯುದ್ಧ ನಡೆದಿತ್ತೆಂಬುದು ಇತಿಹಾಸ ಓದಿದವರಿಗಷ್ಟೇ ಗೊತ್ತು. ಅದೇನೂ ಆಶ್ಚರ್ಯವಲ್ಲ, ಹೊಲದ ಅಡಿಯಲ್ಲಿ ಹೂತುಹೋದ ಯುದ್ಧಗಳಿಗೆ ನಮ್ಮಲ್ಲಿ ಬರವಿಲ್ಲ. ನನಗೆ ಆಶ್ಚರ್ಯವಾಗುವುದು ಬೇರೆ ಸಂಗತಿ. ಅದೇ ವರ್ಷ, ಅದೇ ಯುದ್ಧದ ಕೊನೆಯ ಅಂಕ ಲಂಡನ್ನಿನ ಚಿತ್ರಕಾರರಿಗೆ ಹುಚ್ಚು ಹಿಡಿಸಿತ್ತು. ಮೈಸೂರನ್ನು ಕನಸಿನಲ್ಲೂ ಕಾಣದವರು ಶ್ರೀರಂಗಪಟ್ಟಣದ ಕೋಟೆ, ಕಂದಕ, ಟಿಪ್ಪುವಿನ ಸಾವು, ಅವನ ಹೆಣದ ಮುಂದೆ ಅಳುವ ಮಕ್ಕಳು ಎಲ್ಲವನ್ನೂ ಬರೆದರು. ಸಿದ್ದೇಶ್ವರವನ್ನು ಮಾತ್ರ ಆ ಹೆಸರಾಂತರಲ್ಲಿ ಯಾರೂ ದೊಡ್ಡ ಕ್ಯಾನ್ವಾಸಿಗೆ ಏರಿಸಲಿಲ್ಲ. ಏಕೆಂದು ಕೇಳುತ್ತ ಹೋದರೆ, ಯುರೋಪಿನವರು ಯುದ್ಧ, ಪುರಾಣ, ಧರ್ಮಕಥೆಗಳನ್ನು ಬರೆಯುತ್ತಿದ್ದ ರೀತಿಯ ಗುಟ್ಟೇ ಬಿಚ್ಚಿಕೊಳ್ಳುತ್ತದೆ.

1800ರಲ್ಲಿ ಲಂಡನ್ನಿನ ಲೈಸಿಯಂ ಸಭಾಂಗಣದಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಕಲಾವಿದ ಶ್ರೀರಂಗಪಟ್ಟಣದ ಮುತ್ತಿಗೆಯ ಚಿತ್ರ ತೂಗುಹಾಕಿದ. ಉದ್ದ ಸುಮಾರು 120 ಅಡಿ. ಅರ್ಧಚಂದ್ರಾಕಾರದಲ್ಲಿ ಬಾಗಿದ ಆ ಬಟ್ಟೆಯ ಮುಂದೆ ನಿಂತವರಿಗೆ ತಾವೇ ಕಾವೇರಿಯ ಬಂಡೆಗಳ ಮೇಲೆ ನಿಂತಂತೆ ಅನ್ನಿಸಬೇಕು, ಹಾಗೆ. ಕಾಸು ಕೊಟ್ಟು ನೋಡುವ ಪ್ರದರ್ಶನ ಅದು. ಆ ಕಾಲದ ಸಿನಿಮಾ ಎಂದರೂ ನಡೆದೀತು. ಮೂಲ ಚಿತ್ರ ಈಗ ಉಳಿದಿಲ್ಲ, ಅದರ ಮೇಲೆ ಕೊರೆದ ಅಚ್ಚುಗಳಷ್ಟೇ ಉಳಿದಿವೆ. ಮುಂದೆ ಇಂಗ್ಲಿಷ್ ನಿಸರ್ಗಚಿತ್ರದ ದೊರೆಯೆನಿಸಿಕೊಂಡ ಟರ್ನರ್ ಕೂಡ ತನ್ನ ಇಪ್ಪತ್ತೈದರ ಆಸುಪಾಸಿನಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದ. ಹೆನ್ರಿ ಸಿಂಗಲ್ಟನ್ ಟಿಪ್ಪುವಿನ ಕೊನೆಯ ಹೋರಾಟವನ್ನು ಬರೆದ. ಇವರಲ್ಲಿ ಒಬ್ಬರೂ ಕಾವೇರಿ ಕಂಡವರಲ್ಲ.

ಕಾಣಬೇಕಾದ ಅಗತ್ಯವೂ ಅವರಿಗಿರಲಿಲ್ಲ. ಯುರೋಪಿನ ಕಲಾ ಅಕಾಡೆಮಿಗಳಲ್ಲಿ ಚಿತ್ರಗಳಿಗೂ ಒಂದು ಜಾತಿ ಏಣಿ ಇತ್ತು. 1667ರಲ್ಲಿ ಫ್ರಾನ್ಸಿನ ಫೆಲಿಬಿಯನ್ ಅದನ್ನು ಬರೆದೇ ಇಟ್ಟ. ಹಣ್ಣು ಹೂಜಿ ಬರೆಯುವವನು ಕೆಳಗೆ, ಮರ ಗುಡ್ಡ ಬರೆಯುವವನು ಅವನಿಗಿಂತ ಮೇಲೆ, ದನಕರು ಬರೆಯುವವನು ಇನ್ನೂ ಮೇಲೆ, ಮನುಷ್ಯರ ಮುಖ ಬರೆಯುವವನು ಅದಕ್ಕೂ ಮೇಲೆ. ಎಲ್ಲರ ತಲೆಯ ಮೇಲೆ ಕೂತವನು ಕಥೆ ಬರೆಯುವವನು: ಗ್ರೀಕರ ರೋಮನ್ನರ ಪುರಾಣ, ಬೈಬಲ್ಲಿನ ಪ್ರಸಂಗ, ಹಳೆಯ ರಾಜರ ಯುದ್ಧ. ಇಂಥ ಚಿತ್ರಕ್ಕೆ ವಿಷಯ ಗೊತ್ತಿದ್ದರೆ ಸಾಲದು, ಒಂದು ಗಳಿಗೆಯನ್ನು ಆರಿಸಬೇಕು. ನಡುವೆ ಒಬ್ಬ ನಾಯಕ, ಅವನ ಮೇಲೆ ಬೆಳಕು, ಸುತ್ತಲೂ ದುಃಖ, ಕೋಪ, ಬೆರಗು, ಭಯ ತೋರುವ ಮುಖಗಳು. ನೋಡುವವನು ಹಿಂದೆ ಏನಾಯಿತು, ಮುಂದೆ ಏನಾಗುತ್ತದೆ ಎಂಬುದನ್ನು ಆ ಒಂದೇ ಗಳಿಗೆಯಿಂದ ಊಹಿಸಬೇಕು. ನೂರಿನ್ನೂರು ವರ್ಷ ಇದನ್ನೇ ಬರೆದು ಬರೆದು ಅವರ ಕೈಯಲ್ಲಿ ಅಚ್ಚುಗಳು ಸಿದ್ಧವಾಗಿದ್ದವು. ಶಿಲುಬೆಯಿಂದ ಇಳಿಸಿದ ಏಸುವಿನ ದೇಹವನ್ನು ಹಿಡಿದು ಅಳುವವರದು ಒಂದು ಅಚ್ಚು. ಗೆದ್ದ ಅಲೆಕ್ಸಾಂಡರನ ಮುಂದೆ ಸೋತ ದಾರಿಯಸನ ಮನೆಮಂದಿ ಬಂದು ನಿಲ್ಲುವುದು ಇನ್ನೊಂದು. ವೆರೊನೀಸ್ ಅದನ್ನು ವೆನಿಸ್ಸಿನಲ್ಲಿ ಬರೆದ, ಲ ಬ್ರೂನ್ ಫ್ರಾನ್ಸಿನ ದೊರೆಗಾಗಿ ಬರೆದ. ಸೈತಾನನನ್ನು ಮೆಟ್ಟಿ ನಿಂತ ದೇವದೂತ ಮೈಕಲನದು ಮತ್ತೊಂದು. ಮೈಸೂರು ಯುದ್ಧದ ಸುದ್ದಿ ಹಡಗಿನಲ್ಲಿ ಲಂಡನ್ನಿಗೆ ತಲುಪಿದಾಗ ಚಿತ್ರಕಾರರಿಗೆ ಬೇಕಾಗಿದ್ದದ್ದು ಹೆಸರುಗಳು, ಸಮವಸ್ತ್ರಗಳು, ಒಂದೆರಡು ತೆಂಗಿನ ಮರ, ಒಂದು ಆನೆ.

ಅಚ್ಚು ಹೇಗೆ ಊರಿಂದೂರಿಗೆ ಬಂತೆಂಬುದಕ್ಕೆ ಒಂದು ಉದಾಹರಣೆ ಬೆಂಗಳೂರಿನಲ್ಲೇ ಇದೆ. 1759ರಲ್ಲಿ ಕೆನಡಾದ ಕ್ವಿಬೆಕ್ ಯುದ್ಧದಲ್ಲಿ ಜನರಲ್ ವುಲ್ಫ್ ಸತ್ತ. 1770ರಲ್ಲಿ ಬೆಂಜಮಿನ್ ವೆಸ್ಟ್ ಅದನ್ನು ಬರೆದ. ಯೋಧರಿಗೆ ರೋಮನ್ ನಿಲುವಂಗಿ ಹಾಕದೆ ತಮ್ಮ ಕಾಲದ ಕೆಂಪು ಕೋಟನ್ನೇ ಹಾಕಿಸಿದ್ದಕ್ಕೆ ದೊಡ್ಡ ಚರ್ಚೆಯಾಯಿತು. ಬಟ್ಟೆ ಬದಲಾಯಿತು, ಒಳಗಿನ ಮೈ ಬದಲಾಗಲಿಲ್ಲ: ವಾಲಿದ ವುಲ್ಫ್, ಅವನನ್ನು ತಾಂಗಿ ಹಿಡಿದವರು, ಬಾಗಿದ ಬಾವುಟ, ಎಲ್ಲವೂ ಏಸುವಿನ ಸುತ್ತ ನೆರೆದ ಶಿಷ್ಯರ ಚಿತ್ರದಂತೆಯೇ. ವೆಸ್ಟ್ ಚಿತ್ರದಲ್ಲಿ ತೋರಿಸಿದ ಹಲವರು ಆ ಹೊತ್ತಿನಲ್ಲಿ ಅಲ್ಲಿರಲೇ ಇಲ್ಲ. ಇಪ್ಪತ್ತು ವರ್ಷದ ಮೇಲೆ, 1791ರ ಮಾರ್ಚ್ 7ರಂದು, ಕಾರ್ನ್‌ವಾಲಿಸನ ಸೈನ್ಯ ಹಲಸೂರು ಬಾಗಿಲಿನಿಂದ ಬೆಂಗಳೂರು ಪೇಟೆಗೆ ನುಗ್ಗುವಾಗ ಫಿರಂಗಿ ಪಡೆಯ ಮೂರ್‌ಹೌಸ್ ಎಂಬ ಅಧಿಕಾರಿ ಗುಂಡೇಟಿಗೆ ಬಿದ್ದ. ಆ ಸೈನ್ಯದ ಜೊತೆ ತಿರುಗಿದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಅದನ್ನು ಬರೆದ. ಮೂರ್‌ಹೌಸ್ ವಾಲಿದ್ದಾನೆ, ತಾಂಗಿ ಹಿಡಿದಿದ್ದಾರೆ, ಸುತ್ತ ಅಧಿಕಾರಿಗಳು ನಿಂತಿದ್ದಾರೆ. ಜೆರುಸಲೇಮಿನ ಗುಡ್ಡ ಕ್ವಿಬೆಕ್ಕಿಗೆ ಹೋಗಿ ಅಲ್ಲಿಂದ ನಮ್ಮ ಹಲಸೂರು ಬಾಗಿಲಿಗೆ ಬಂದು ತಲುಪಿದ ಬಗೆ ಇದು. ಇವತ್ತು ಆ ದಾರಿಯಲ್ಲಿ ಬಸ್ಸು ಆಟೋಗಳ ನಡುವೆ ನುಸುಳಿ ಹೋಗುವವರಿಗೆ ಈ ಚಿತ್ರದ ವಿಷಯ ಹೇಳಿದರೆ ನಗುತ್ತಾರೆ.

ಹೋಮ್ ಸುಮ್ಮನೆ ಕೂತು ಕಲ್ಪಿಸಿದವನಲ್ಲ ಎಂಬುದನ್ನೂ ಹೇಳಬೇಕು. 1792ರಲ್ಲಿ ಶ್ರೀರಂಗಪಟ್ಟಣದ ಸಂಧಿಯಾದಾಗ ಟಿಪ್ಪು ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಅರ್ಧ ರಾಜ್ಯ, ಜೊತೆಗೆ ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕೊಡಬೇಕಾಯಿತು. ಫೆಬ್ರವರಿ 26ರಂದು ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಎಳೆಯ ಹುಡುಗರನ್ನು ಕಾರ್ನ್‌ವಾಲಿಸನ ಡೇರೆಗೆ ತಂದು ಒಪ್ಪಿಸಲಾಯಿತು. ಹೋಮ್ ಬರೆದ ಚಿತ್ರದಲ್ಲಿ ಕಾರ್ನ್‌ವಾಲಿಸ್ ಮಕ್ಕಳ ಕೈ ಹಿಡಿದು ಬರಮಾಡಿಕೊಳ್ಳುತ್ತಾನೆ, ಸೋದರಮಾವನೋ ಎಂಬಂತೆ. ಚಿತ್ರದ ಒಂದು ಅಂಚಿನಲ್ಲಿ ಕಂಕುಳಲ್ಲಿ ಚಿತ್ರದ ಕಡತ ಇಟ್ಟುಕೊಂಡು ಹೋಮ್ ತಾನೂ ನಿಂತಿದ್ದಾನೆ, ಸಾಕ್ಷಿಯಾಗಿ. ಅವನಿಗೆ ಕಂಡದ್ದು ನಿಜ ಇರಬಹುದು, ಆದರೆ ಅದಕ್ಕೆ ಹೊಂದಿಸಿದ ಚೌಕಟ್ಟು ದಾರಿಯಸನ ಮನೆಮಂದಿಗೆ ಅಭಯ ಕೊಡುವ ಅಲೆಕ್ಸಾಂಡರನದು. ಸೋತವನ ಮಕ್ಕಳನ್ನು ಕಿತ್ತುಕೊಂಡ ಗಳಿಗೆ ಗೆದ್ದವನ ಕರುಣೆಯ ಗಳಿಗೆಯಾಯಿತು. ಲಂಡನ್ನಿನಲ್ಲಿ ಈ ಒಂದು ಪ್ರಸಂಗಕ್ಕೆ ಎಷ್ಟೊಂದು ಬೇಡಿಕೆ! ಮೇದರ್ ಬ್ರೌನ್ ಅದನ್ನು ಬರೆದ, ಮಕ್ಕಳು ಜನಾನದಿಂದ ಹೊರಡುವುದನ್ನೂ ಪ್ರತ್ಯೇಕವಾಗಿ ಬರೆದ, ಸಿಂಗಲ್ಟನ್ನನೂ ಬರೆದ.

ಈ ಉತ್ಸಾಹಕ್ಕೆ ಕಾರಣವೂ ಇತ್ತು. ಹತ್ತು ವರ್ಷದ ಹಿಂದೆ, 1781ರಲ್ಲಿ, ಇದೇ ಕಾರ್ನ್‌ವಾಲಿಸ್ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ನಿಗೆ ಶರಣಾಗಿದ್ದ. ಮೈ ಸರಿಯಿಲ್ಲವೆಂದು ತಾನು ಬರದೆ ತನ್ನ ಪರವಾಗಿ ಇನ್ನೊಬ್ಬನನ್ನು ಕಳಿಸಿದ್ದ. ಜಾನ್ ಟ್ರಂಬುಲ್ ಬರೆದ ಆ ಶರಣಾಗತಿಯ ಚಿತ್ರ ಇವತ್ತಿಗೂ ಅಮೆರಿಕದ ಸಂಸತ್ ಭವನದಲ್ಲಿದೆ, ಕಾರ್ನ್‌ವಾಲಿಸನ ಸೋಲಿನ ಚಿತ್ರ, ಅದರಲ್ಲಿ ಕಾರ್ನ್‌ವಾಲಿಸನೇ ಇಲ್ಲ. ಅಲ್ಲಿ ಮುಖ ಮರೆಸಿಕೊಂಡವನಿಗೆ ಮೈಸೂರಿನ ಇಬ್ಬರು ಪುಟ್ಟ ಮಕ್ಕಳ ಪಕ್ಕದಲ್ಲಿ ಮುಖ ಎತ್ತಿ ನಿಲ್ಲುವ ಜಾಗ ಸಿಕ್ಕಿತು.

ಇಷ್ಟೂ ಚಿತ್ರಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಣತನದ್ದು ಡೇವಿಡ್ ವಿಲ್ಕಿಯದು. 1839ರಲ್ಲಿ, ಅಂದರೆ ಟಿಪ್ಪು ಸತ್ತು ನಲವತ್ತು ವರ್ಷವಾದ ಮೇಲೆ, ಅದು ಪ್ರದರ್ಶನಕ್ಕೆ ಬಂತು. ಹನ್ನೊಂದು ಅಡಿಗೂ ಮಿಕ್ಕಿದ ಎತ್ತರ. ರಾತ್ರಿ, ಕೋಟೆಯ ಬಾಗಿಲು, ದೀಪದ ಬೆಳಕು. ಮೇಲೆ ಸರ್ ಡೇವಿಡ್ ಬೇರ್ಡ್ ಕತ್ತಿ ಹಿಡಿದು ನಿಂತಿದ್ದಾನೆ. ಕೆಳಗೆ ಟಿಪ್ಪುವಿನ ದೇಹ. ಬೇರ್ಡನ ಕಾಲ ಬಳಿ ನೆಲದಲ್ಲಿ ಒಂದು ಕಬ್ಬಿಣದ ಜಾಲರಿ ಕಾಣುತ್ತದೆ. ನೋಡುಗರು ಅದನ್ನು ಗಮನಿಸಲಿ ಎಂದೇ ವಿಲ್ಕಿ ಇಟ್ಟದ್ದು. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕ ಬೇರ್ಡ್, ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿ ಸಂಕೋಲೆ ತೊಟ್ಟು ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದ. ಕೈದಿಗಳನ್ನು ಇಬ್ಬಿಬ್ಬರಂತೆ ಒಂದೇ ಸರಪಳಿಗೆ ಕಟ್ಟುತ್ತಾರೆಂಬ ಸುದ್ದಿ ಕೇಳಿ, ನನ್ನ ಮಗನ ಜೊತೆ ಕಟ್ಟಿಸಿಕೊಂಡವನ ಗತಿಯೇನು ಪಾಪ ಎಂದು ಅವನ ತಾಯಿ ಮರುಗಿದಳಂತೆ. 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಇದೇ ಬೇರ್ಡ್. ಕೆಳಗಿನ ನೆಲಮಾಳಿಗೆ ಆಗಿನ ಸೆರೆ, ಮೇಲಿನ ಮೆಟ್ಟಿಲು ಈಗಿನ ಗೆಲುವು; ಹತ್ತೊಂಬತ್ತು ವರ್ಷದ ಕಥೆಯನ್ನು ವಿಲ್ಕಿ ಒಂದು ಜಾಲರಿಯಲ್ಲಿ ಹೇಳಿಬಿಟ್ಟ. ಕತ್ತಲು, ಒಂದೇ ಕಡೆಯಿಂದ ಬೀಳುವ ಬೆಳಕು, ಮೇಲೆ ನಿಂತವನು, ಕೆಳಗೆ ಬಿದ್ದವನು: ದೇವದೂತ ಮೈಕಲನ ಅಚ್ಚು ಯಾರಿಗಾದರೂ ಗುರುತು ಸಿಗುತ್ತದೆ.

ಆದರೆ ಈ ಚಿತ್ರ ಬರೆಸಿದ್ದು ದೊರೆಯೂ ಅಲ್ಲ, ಕಂಪನಿಯೂ ಅಲ್ಲ, ಬೇರ್ಡನ ವಿಧವೆ. ಕೋಟೆ ಗೆದ್ದ ಮರುದಿನವೇ ಶ್ರೀರಂಗಪಟ್ಟಣದ ಅಧಿಕಾರವನ್ನು ಬೇರ್ಡನ ಕೈಯಿಂದ ತೆಗೆದು ಆರ್ಥರ್ ವೆಲ್ಲೆಸ್ಲಿಗೆ ಕೊಟ್ಟಿದ್ದರು. ಅವನ ಅಣ್ಣ ಗವರ್ನರ್ ಜನರಲ್. ಬೇರ್ಡ್ ಅದನ್ನು ಸಾಯುವವರೆಗೂ ಮರೆಯಲಿಲ್ಲ. ವೆಲ್ಲೆಸ್ಲಿ ಡ್ಯೂಕ್ ಆದ, ವಾಟರ್ಲೂ ಗೆದ್ದ, ಪ್ರಧಾನಿಯೂ ಆದ. ಬೇರ್ಡನಿಗೆ ಸಿಕ್ಕಿದ್ದು ಹೆಂಡತಿ ಬರೆಸಿದ ಈ ಬೃಹತ್ ಚಿತ್ರ. ಧರ್ಮಯುದ್ಧದಂತೆ ಕಾಣುವ ಚಿತ್ರದ ಒಳಗೆ ಇಂಥ ಮನೆಜಗಳವೂ ಅಡಗಿರುತ್ತದೆ. ಇನ್ನು ವಿಲ್ಕಿ: ಬೈಬಲ್ಲಿನ ಕಥೆಗಳನ್ನು ಸುಳ್ಳುಸುಳ್ಳೇ ಬರೆಯುತ್ತಿದ್ದೇವೆ, ಆ ನೆಲವನ್ನು ಕಣ್ಣಾರೆ ನೋಡಬೇಕು ಎಂದು ಜೆರುಸಲೇಮಿಗೆ ಹೊರಟವನು, ಅಲ್ಲಿಂದ ಮರಳುವಾಗ 1841ರಲ್ಲಿ ಹಡಗಿನಲ್ಲೇ ತೀರಿಕೊಂಡ. ಅವನನ್ನು ಕಡಲಿಗೆ ಒಪ್ಪಿಸಿದ ರಾತ್ರಿಯನ್ನು ಟರ್ನರ್ ಮರುವರ್ಷ ಬರೆದ. ಬೈಬಲ್ಲಿನ ನಾಡನ್ನು ನೋಡಬೇಕೆಂದು ಇಷ್ಟು ಹಂಬಲಿಸಿದ ವಿಲ್ಕಿಗೆ ಶ್ರೀರಂಗಪಟ್ಟಣ ನೋಡದೆ ಬರೆದದ್ದು ಕೊರತೆ ಅನ್ನಿಸಿತ್ತೋ ಇಲ್ಲವೋ.

ಇವಕ್ಕೆ ಎದುರಾಗಿ ನಿಲ್ಲಬಲ್ಲ ಚಿತ್ರ ಒಂದಿದೆ, ನಮ್ಮ ಮೈಸೂರು ಜಿಲ್ಲೆಯಿಂದ ಬಸ್ಸಿನಲ್ಲಿ ಹೋಗಿ ನೋಡಿ ಬರುವಷ್ಟು ಹತ್ತಿರದಲ್ಲಿ. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ತಿನ ಪಡುವಣ ಗೋಡೆ. ಶಾಲಾ ಪ್ರವಾಸದಲ್ಲಿ ಸಾಲಾಗಿ ನಿಲ್ಲಿಸಿ ಓಡಿಸಿಬಿಡುತ್ತಾರೆ. ನಿಂತು ನೋಡಿದವರು ಕಡಿಮೆ. ಬೇರ್ಡ್ ಸೆರೆಸಿಕ್ಕ ಅದೇ ಪೊಳ್ಳಿಲೂರು ಯುದ್ಧ ಅಲ್ಲಿದೆ, ಆದರೆ ಗೆದ್ದವರ ಕಡೆಯಿಂದ. ಇಂಗ್ಲಿಷರು ಚೌಕಾಕಾರದ ವ್ಯೂಹ ಕಟ್ಟಿ ಒತ್ತೊತ್ತಾಗಿ ನಿಂತಿದ್ದಾರೆ. ನಡುವೆ ಮದ್ದಿನ ಗಾಡಿ ಸಿಡಿಯುತ್ತಿದೆ. ಗಾಯಗೊಂಡ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಗ್ಗಿ ಕೂತಿದ್ದಾನೆ. ಫ್ರೆಂಚ್ ಸರದಾರ ಲಾಲಿ ದುರ್ಬೀನು ಹಿಡಿದಿದ್ದಾನೆ. ಸುತ್ತ ಕುದುರೆಗಳ ಸಾಲಿನ ಮೇಲೆ ಸಾಲು, ಉರುಳಿದ ರುಂಡಗಳು. ಹೈದರ್ ಮತ್ತು ಟಿಪ್ಪು ಮಾತ್ರ ಮುಖದಲ್ಲಿ ಒಂದು ಗೆರೆಯೂ ಕದಲದೆ, ಹೂ ಮೂಸುತ್ತ ತೋಟ ನೋಡಲು ಹೊರಟವರಂತೆ ಆನೆಯ ಮೇಲಿದ್ದಾರೆ.

ಇಲ್ಲಿ ಒಂದು ಗಳಿಗೆ ಎಂಬುದೇ ಇಲ್ಲ. ಹೊರಟದ್ದು, ಸುತ್ತುವರಿದದ್ದು, ಸಿಡಿದದ್ದು, ಸೋತದ್ದು ಎಲ್ಲವೂ ಒಟ್ಟೊಟ್ಟಿಗೆ. ಹತ್ತಿರದವರು ದೊಡ್ಡವರು, ದೂರದವರು ಚಿಕ್ಕವರು ಎಂಬ ನಿಯಮ ಇಲ್ಲಿ ನಡೆಯುವುದಿಲ್ಲ. ಬೆಳಕು ಒಬ್ಬನ ಮೇಲೇ ಬೀಳುವುದಿಲ್ಲ. ನೋಡುವವನು ಗೋಡೆಯುದ್ದಕ್ಕೂ ನಡೆಯಬೇಕು, ಹಳೇಬೀಡಿನ ಗುಡಿಯ ಪಟ್ಟಿಕೆಗಳಲ್ಲಿ ಭಾರತ ರಾಮಾಯಣ ಓದುತ್ತ ಪ್ರದಕ್ಷಿಣೆ ಬರುವ ಹಾಗೆ. ಇದು ನಿಷ್ಪಕ್ಷಪಾತದ ಚಿತ್ರವೆಂದು ನಾನು ಹೇಳುತ್ತಿಲ್ಲ. ಗೆದ್ದವನು ತನ್ನ ಗೋಡೆಯ ಮೇಲೆ ತನ್ನ ಗೆಲುವನ್ನು ಬರೆಸಿಕೊಂಡದ್ದು, ಅಷ್ಟೇ. ಆದರೆ ಕರುಣೆಯ ಸೋಗು ಇಲ್ಲಿಲ್ಲ. ಕೊಂದೆವು ಎಂದು ಬಾಯಿಬಿಟ್ಟು ಹೇಳುತ್ತದೆ.

ಈ ಗೋಡೆಯ ಕಥೆಯೂ ಸರಳವಲ್ಲ. ಚಿತ್ರಕ್ಕೆ ಸುಣ್ಣ ಬಳಿಯಲಾಗಿತ್ತು. 1799ರ ನಂತರ ಇದೇ ಮಹಲಿನಲ್ಲಿ ವಾಸಕ್ಕೆ ಬಂದ ವೆಲ್ಲೆಸ್ಲಿ, ತನ್ನ ಕಡೆಯವರ ಸೋಲಿನ ಈ ಚಿತ್ರವನ್ನು ಮತ್ತೆ ಬರೆಸಿದ. ಅದೂ ಮಾಸಿದ ಮೇಲೆ 1855ರಲ್ಲಿ ಮೈಸೂರಿಗೆ ಬಂದ ಡಾಲ್‌ಹೌಸಿ, ಹಳೆಯದನ್ನು ನೆನಪಿಟ್ಟುಕೊಂಡಿದ್ದ ಇಲ್ಲಿನ ಚಿತ್ರಗಾರನಿಂದ ಪುನಃ ಬರೆಸಿದ. ನಾವು ಇವತ್ತು ನೋಡುವುದು ಟಿಪ್ಪುವಿನ ಗೆಲುವು ನಿಜ, ಬಣ್ಣದ ಖರ್ಚು ಮಾತ್ರ ಅವನನ್ನು ಸೋಲಿಸಿದವರದು.

ಅಚ್ಚು ಎಂದೊಡನೆ ಅದೆಲ್ಲ ಸುಳ್ಳು, ಮೋಸ ಎಂದುಕೊಳ್ಳಬಾರದು. ಅದು ತನ್ನ ಸ್ವಂತ ಮನೆಯಲ್ಲಿದ್ದಾಗ ಎಷ್ಟು ಬೆಳಗುತ್ತದೆ ಎಂದು ನೋಡಬೇಕಾದರೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿಗೆ ಹೋಗಬೇಕು. ಇಟಲಿಯ ಬೆರ್ಗಮೊ ಬಳಿಯ ಸ್ತೆತ್ಸಾನೊ ಊರಿನ ಆಂಟೋನಿಯೊ ಮೊಸ್ಕೇನಿ ಎಂಬ ಜೆಸ್ಯೂಟ್ ಸಹೋದರ, ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಆ ಚಾಪೆಲಿನ ಗೋಡೆ, ಮಾಡುಗಳನ್ನೆಲ್ಲ ಚಿತ್ರದಿಂದ ತುಂಬಿಸಿದ. ಮಾಡಿನ ಮೇಲೆ ಅರಸುಕುಲದ ಹುಡುಗ ಅಲೋಶಿಯಸ್ ಗೊನ್ಸಾಗ ಸಂಪತ್ತು ತೊರೆದದ್ದು, ಪ್ಲೇಗಿನ ರೋಗಿಗಳ ಸೇವೆ ಮಾಡಿದ್ದು; ಗೋಡೆಗಳ ಮೇಲೆ ಏಸುವಿನ ಬದುಕು. ಕರಾವಳಿಯ ಉಪ್ಪುಗಾಳಿಗೆ ಸೊರಗಿದ ಆ ಚಿತ್ರಗಳನ್ನು 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆ ರಿಪೇರಿ ಮಾಡಿತು. ಮೊಸ್ಕೇನಿ ಮರಳಿ ಇಟಲಿ ಕಾಣಲಿಲ್ಲ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಅವನ ಅಚ್ಚು ಯಾರನ್ನೂ ಸೋಲಿಸುವುದಕ್ಕೆ ಬಂದದ್ದಲ್ಲ, ಭಕ್ತರಿಗೆ ಕಥೆ ಹೇಳುವುದಕ್ಕೆ ಬಂದದ್ದು. ಹಾಗೆ ನೋಡಿದರೆ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ಲಿನಲ್ಲಿ ಟಿಬೆಟಿನವರು ಗೋಡೆ ತುಂಬ ಬರೆದದ್ದೂ ಅದೇ ಕೆಲಸ, ಬೇರೆ ಕೈಬರಹದಲ್ಲಿ.

ರವಿವರ್ಮನದು ಇನ್ನೊಂದು ದಾರಿ: ಅಚ್ಚನ್ನೇ ತೆಗೆದುಕೊಂಡು ನಮ್ಮ ಪುರಾಣ ಅದರಲ್ಲಿ ಎರೆಯುವುದು. ಕೊನೆಯ ವರ್ಷಗಳಲ್ಲಿ ಅವನು ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಬರೆದ ಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ. ಸೀತೆಯನ್ನು ಹೊತ್ತೊಯ್ಯುತ್ತ ಜಟಾಯುವಿನ ರೆಕ್ಕೆ ಕತ್ತರಿಸುವ ರಾವಣ, ಮುಖ ಮುಚ್ಚಿಕೊಂಡ ಸೀತೆ, ಗಾಳಿಗೆ ಎದ್ದ ಸೆರಗು. ಹೆಣ್ಣನ್ನು ಅಪಹರಿಸುವ ಗ್ರೀಕ್ ದೇವತೆಗಳನ್ನು ಟಿಷಿಯನ್, ರೂಬೆನ್ಸ್ ಮೊದಲಾದವರು ಬರೆದದ್ದನ್ನು ಕಂಡವರಿಗೆ ಈ ಮೈತಿರುವು ಹೊಸದಲ್ಲ. ಕಂಡಿರದವರಿಗೆ ಅದು ಬರೀ ರಾಮಾಯಣ. ಈಗ ನಮ್ಮ ಮನೆಗಳ ಕ್ಯಾಲೆಂಡರಿನಿಂದ ಹಿಡಿದು ಟಿವಿ ಧಾರಾವಾಹಿಯವರೆಗೆ ದೇವರುಗಳು ನಿಲ್ಲುವ ಭಂಗಿಯಲ್ಲಿ ರವಿವರ್ಮ ಇದ್ದಾನೆ, ಅವನ ಹಿಂದೆ ಯುರೋಪಿನ ಅಕಾಡೆಮಿ ಇದೆ. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ, ಆದರೆ ಇದೇ ನಮ್ಮ ಸನಾತನ ರೂಪ ಎಂದು ವಾದಕ್ಕೆ ಇಳಿಯುವವರನ್ನು ಕಂಡರೆ ನಗು ಬರುತ್ತದೆ.

ಸಿದ್ದೇಶ್ವರಕ್ಕೆ ಬರೋಣ. ಅದು ಯಾವ ಅಚ್ಚಿಗೂ ಕೂರಲಿಲ್ಲ. ಟಿಪ್ಪು ಅಲ್ಲಿ ಸೋತ, ಸಾಯಲಿಲ್ಲ. ಇಂಗ್ಲಿಷರ ಕಡೆ ತಾಂಗಿ ಹಿಡಿದು ಅಳಬೇಕಾದಂಥ ದೊಡ್ಡ ಅಧಿಕಾರಿಯೂ ಬೀಳಲಿಲ್ಲ. ಕರುಣೆ ತೋರಿಸಲು ಮಕ್ಕಳಿರಲಿಲ್ಲ. ಹೆಚ್ಚಿನ ಹೊತ್ತು ಗುಂಡು ಎದುರಿಸಿ ನಿಂತವರು ಬೊಂಬಾಯಿ ಸೇನೆಯ ದೇಶೀ ಸಿಪಾಯಿಗಳು. ಅವರ ಮುಖ ನಡುವೆ ಇಟ್ಟು ಚಿತ್ರ ಬರೆಸಲು ಲಂಡನ್ನಿನಲ್ಲಿ ಯಾರು ದುಡ್ಡು ಕೊಡುತ್ತಿದ್ದರು? ಗೆಲುವಿನ ಪಾಲು ಕೊಡಗಿನ ದೊಡ್ಡ ವೀರರಾಜೇಂದ್ರನಿಗೂ ಹೋಗಬೇಕಿತ್ತು. ಬೊಂಬಾಯಿ ಸೇನೆ ಘಟ್ಟ ಹತ್ತಿದ್ದೇ ಅವನ ನಾಡಿನ ಮೂಲಕ, ಅವನು ಒದಗಿಸಿದ ಅಕ್ಕಿ, ಎತ್ತುಗಳ ಬಲದಿಂದ. ಆ ದಿನ ಅವನೂ ಅಲ್ಲಿದ್ದ. ಕಂಡದ್ದನ್ನು ಗವರ್ನರ್ ಜನರಲ್ಲನಿಗೆ ಕಾಗದ ಬರೆದು ತಿಳಿಸಿದ. ಮುಂದೆ ತನ್ನ ವಂಶದ ಚರಿತ್ರೆಯನ್ನು ‘ರಾಜೇಂದ್ರನಾಮೆ’ ಎಂದು ಕನ್ನಡದಲ್ಲಿ ಬರೆಸಿದವನೂ ಅವನೇ. ಲಂಡನ್ನಿನವರು ಬಣ್ಣ ಹಿಡಿದಲ್ಲಿ ಕೊಡಗಿನ ದೊರೆ ಕಾಗದ ಹಿಡಿದ.

ಹಾಗೆಂದು ಈ ಸೀಮೆಗೆ ಯುದ್ಧ ಬರೆಯುವ ಪದ್ಧತಿಯೇ ಗೊತ್ತಿರಲಿಲ್ಲವೆಂದಲ್ಲ. ಯುರೋಪಿನಲ್ಲಿ ಯಾರೂ ಚಿತ್ರಗಳಿಗೆ ಜಾತಿ ಏಣಿ ಕಟ್ಟುವ ಮುಂಚೆಯೇ ಇಲ್ಲಿ ವೀರಗಲ್ಲು ನಿಂತಿತ್ತು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಯುದ್ಧ, ಪುರಾಣ, ಧರ್ಮ ಮೂರೂ ಒಂದೇ ಕಲ್ಲಿನಲ್ಲಿ. ಸೇನಾಪತಿಯೇ ಆಗಬೇಕೆಂದಿಲ್ಲ, ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತ ಊರಿನವನಿಗೂ ಆ ಗೌರವ ಸಿಗುತ್ತಿತ್ತು. ವೆಸ್ಟನ ಕ್ಯಾನ್ವಾಸಿನಲ್ಲಿ ಅವನಿಗೆ ಮೂಲೆಯಲ್ಲಿ ಕೂರುವ ಜಾಗ ಸಿಕ್ಕಿದ್ದರೆ ಹೆಚ್ಚು.

ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಕಲಿಯುವ ಯಾರಾದರೂ ಹುಡುಗ ಹುಡುಗಿಯರು ಸಿದ್ದೇಶ್ವರವನ್ನು ಬರೆಯಲು ಕೂತರೆ ಸಾಮಗ್ರಿಗೆ ಕೊರತೆಯಿಲ್ಲ. ಒಂದು ಕಡೆ ಹುಲಿಪಟ್ಟೆಯ ಅಂಗಿ, ಇನ್ನೊಂದು ಕಡೆ ಕೆಂಪು ಕೋಟು. ಎರಡರ ಒಳಗೂ ಇರುವವರು ಬಹುಪಾಲು ಈ ದೇಶದವರೇ. ಕಷ್ಟವಾಗುವುದು ಯಾರನ್ನು ನಡುವೆ ನಿಲ್ಲಿಸುವುದು ಎಂಬುದಕ್ಕೆ. ಟಿಪ್ಪುವನ್ನು ನಿಲ್ಲಿಸಿದರೆ ಒಂದು ಗುಂಪು ಮೈಮೇಲೆ ಬರುತ್ತದೆ, ವೀರರಾಜೇಂದ್ರನನ್ನು ನಿಲ್ಲಿಸಿದರೆ ಇನ್ನೊಂದು. ನನ್ನನ್ನು ಕೇಳಿದರೆ, ಮದ್ದುಗುಂಡು ತೀರುತ್ತ ಬಂದು ತೋಟಾ ಚೀಲ ತಡಕುತ್ತಿರುವ ಹೆಸರಿಲ್ಲದ ಒಬ್ಬ ಸಿಪಾಯಿಯಿಂದ ಶುರುಮಾಡಿ ಎನ್ನುತ್ತೇನೆ.